ದಿನವಿಡೀ ‘ಅಂದ್ರೇನಮ್ಮಾ?’ ಎನ್ನುವ ಮಗಳು

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ನನ್ನ ತವರು ಸಾಗರದ ಕಡೆ, ಗಂಡನ ಊರು ಗದಗ. ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಕೆಲವು ತಿಂಗಳಿಂದ ಅವಳಿಗೆ ಶಬ್ದಗಳ ಹುಚ್ಚು ಹಿಡಿದಿದೆ. ಯಾರು ಏನು ಮಾತಾಡಿದರೂ ‘ಅಂದ್ರೇನಮ್ಮಾ?’ ಎನ್ನುತ್ತಾಳೆ. ಹೊಸ ಶಬ್ದ ಸಿಕ್ಕರೆ ಅದನ್ನೇ ರಾತ್ರಿಯವರೆಗೆ ಜಪಿಸುತ್ತಾಳೆ. ಅವಳಪ್ಪ ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಮೊನ್ನೆ ‘ನಾನು ಅನಿವಾರ್ಯವಾಗಿ ಹಾಲು ಕುಡಿಯಲ್ಲ’ ಎಂದಳು. ನಗು ಬಂತು, ಆದರೆ ಚಿಂತೆಯೂ ಇದೆ. ಎಲ್ಲ ಭಾಷೆ ಬೆರೆಸುತ್ತಾಳೆ, ‘ನಾನು ಬಾಲ್ ಫೇಕಿದೆ’ ಎನ್ನುತ್ತಾಳೆ. ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡಿ ಎಂದು ನರ್ಸರಿ ಟೀಚರ್ ಹೇಳಿದ್ದಾರೆ. ಫ್ಲ್ಯಾಶ್‌ಕಾರ್ಡ್, ಆ್ಯಪ್, ವೊಕ್ಯಾಬ್ಯುಲರಿ ಕ್ಲಾಸ್ ಅಂತ ಪರಿಚಯದವರ ಸಲಹೆಗಳು ಬೇರೆ. ಈಚೆಗೆ ಮಾತು ಶುರುಮಾಡುವಾಗ ‘ನಾ ನಾ ನಾನು’ ಎಂದು ತಡವರಿಸುತ್ತಾಳೆ. ಕೆಳಗೆ ಆಡಲು ಹೋಗಿ ಒಂದು ಬೈಗುಳವನ್ನೂ ಕಲಿತು ಬಂದಿದ್ದಾಳೆ. ನಾನು ಕೆಲಸದಿಂದ ಮನೆ ಮುಟ್ಟುವುದು ಸಂಜೆ ಏಳೂವರೆಗೆ. ಈಗ ಅತ್ತೆ ಜೊತೆಗಿದ್ದಾರೆ, ದೀಪಾವಳಿ ಮುಗಿಸಿ ಗದಗಿಗೆ ಹೊರಡುತ್ತಾರೆ. ಆಮೇಲೆ ಇವಳ ಕನ್ನಡದ ಗತಿ ಏನು? ಈ ಆಸಕ್ತಿಯನ್ನು ಬಾಡದ ಹಾಗೆ ಬೆಳೆಸುವುದು ಹೇಗೆ?

ಉತ್ತರ: ಮೊದಲು ಆ ಹಾಲಿನ ವಿಷಯ ಮುಗಿಸೋಣ. ಮಗಳು ‘ಅನಿವಾರ್ಯವಾಗಿ’ ಎಂದು ತಪ್ಪಾಗಿ ಹೇಳಿದಳು ಎಂಬ ದನಿಯಲ್ಲಿ ಬರೆದಿದ್ದೀರಿ. ನನಗೆ ಅದು ಮುಕ್ಕಾಲು ಪಾಲು ಸರಿಯಾಗಿಯೇ ಕಂಡಿತು. ಅವಳಪ್ಪ ಫೋನಿನಲ್ಲಿ ಆ ಶಬ್ದ ಬಳಸುವುದು ಯಾವಾಗ ಎಂದು ಯೋಚಿಸಿ. ಯಾವುದೋ ಕೆಲಸ ಆಗುವುದಿಲ್ಲ ಎಂದು, ಎದುರಿನವರು ಮರುಮಾತಾಡದ ಹಾಗೆ ಹೇಳಬೇಕಾದಾಗ. ಇವಳು ಹಿಡಿದದ್ದು ಸರಿಯಾಗಿ ಅದನ್ನೇ. ಶಬ್ದದ ಸಂದರ್ಭ ಸಿಕ್ಕಿದೆ, ಗತ್ತು ಸಿಕ್ಕಿದೆ, ವಾಕ್ಯದಲ್ಲಿ ಅದನ್ನು ಎಲ್ಲಿಡಬೇಕು ಎಂಬುದೂ ಸಿಕ್ಕಿದೆ. ‘ಬೇರೆ ದಾರಿಯಿಲ್ಲದೆ’ ಎಂಬ ತಿರುಳು ಮಾತ್ರ ಬಾಕಿ. ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕು, ಅಷ್ಟೆ.

ಮಕ್ಕಳು ಶಬ್ದ ಕಲಿಯುವುದೇ ಹೀಗೆ, ಎರಡು ಕಂತಿನಲ್ಲಿ. 1978ರಲ್ಲಿ ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ ಒಂದು ಸರಳ ಪ್ರಯೋಗ ಮಾಡಿದರು. ಮೂರು-ನಾಲ್ಕು ವರ್ಷದ ಮಕ್ಕಳ ಮುಂದೆ ಎರಡು ಟ್ರೇ, ಒಂದು ನೀಲಿ, ಇನ್ನೊಂದು ಮಾಸಲು ಹಸಿರು. ‘ಆ ಕ್ರೋಮಿಯಂ ಟ್ರೇ ತಂದುಕೊಡು, ನೀಲಿಯದಲ್ಲ, ಕ್ರೋಮಿಯಂದು’ ಎಂದು ಆಟದ ನಡುವೆ ಸುಮ್ಮನೆ ಕೇಳಿದರು. ಪಾಠವಿಲ್ಲ, ವಿವರಣೆಯಿಲ್ಲ. ಮಕ್ಕಳು ಸರಿಯಾದ ಟ್ರೇ ತಂದವು. ಇಷ್ಟೇ ಆಗಿದ್ದರೆ ದೊಡ್ಡದೇನಲ್ಲ. ಆದರೆ ದಿನಗಳು ಕಳೆದ ಮೇಲೂ ಹಲವು ಮಕ್ಕಳಿಗೆ ‘ಕ್ರೋಮಿಯಂ ಎಂಬುದು ಯಾವುದೋ ಬಣ್ಣ’ ಎಂಬಷ್ಟು ನೆನಪಿತ್ತು. ಯಾವ ಬಣ್ಣ ಎಂಬುದು ಮಸುಕು. ಒಂದೇ ಸಲ ಕೇಳಿ ಶಬ್ದಕ್ಕೊಂದು ಗೂಟ ಹೊಡೆದುಕೊಳ್ಳುವುದು ಮೊದಲ ಕಂತು. ಅದರ ಎಲ್ಲೆಗಳನ್ನು ತಿದ್ದಿಕೊಳ್ಳುತ್ತ ಹೋಗುವುದು ಎರಡನೆಯದು, ಅದು ನಿಧಾನ. ನಿಮ್ಮ ಮಗಳು ದಿನಕ್ಕೆ ಹತ್ತಾರು ಗೂಟ ಹೊಡೆಯುವ ವಯಸ್ಸಿನಲ್ಲಿದ್ದಾಳೆ. ‘ಅಂದ್ರೇನಮ್ಮಾ?’ ಎನ್ನುವುದು ಎರಡನೆಯ ಕಂತಿಗೆ ಅವಳು ನಿಮ್ಮನ್ನು ಕರೆಯುವ ರೀತಿ.

ಹಾಗಾದರೆ ಉತ್ತರ ಹೇಗಿರಬೇಕು? ನಿಘಂಟಿನ ಹಾಗಂತೂ ಬೇಡ. ‘ಅನಿವಾರ್ಯ ಅಂದ್ರೆ ತಪ್ಪಿಸಲಾಗದ್ದು’ ಎಂದರೆ ಒಂದು ತಿಳಿಯದ ಶಬ್ದದ ಬದಲು ಇನ್ನೊಂದನ್ನು ಅವಳ ಕೈಗೆ ಕೊಟ್ಟಂತಾಯಿತು. ಅವಳು ಕಂಡ ಒಂದು ಘಟನೆಗೆ ಶಬ್ದವನ್ನು ಕಟ್ಟಿ. ‘ಅವತ್ತು ಜೋರು ಮಳೆಗೆ ಲೋಕಲ್ ನಿಂತುಹೋಯ್ತಲ್ಲ, ಅಪ್ಪ ಆಫೀಸಿಗೆ ಹೋಗೋಕೆ ಆಗಲೇ ಇಲ್ಲ, ಬೇರೆ ದಾರೀನೇ ಇರಲಿಲ್ಲ. ಅದು ಅನಿವಾರ್ಯ. ನೀನು ಹಾಲು ಕುಡೀದೆ ಇರೋದು ಮಾತ್ರ ನಿನ್ನಿಷ್ಟ.’ ಇಷ್ಟು ಸಾಕು. ಇದಕ್ಕಿಂತ ಉದ್ದವಾದರೆ ಅವಳು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೈಯಲ್ಲಿ ಕೆಲಸವಿದ್ದಾಗ ‘ಗೊತ್ತಿಲ್ಲ ಪುಟ್ಟಾ, ಆಮೇಲೆ ಅಜ್ಜಿನ ಕೇಳೋಣ’ ಎನ್ನುವುದೂ ಒಳ್ಳೆಯ ಉತ್ತರವೇ, ಆಮೇಲೆ ನಿಜವಾಗಿ ಕೇಳಿದರೆ.

ಈಗ ‘ಫೇಕಿದೆ’. ಈ ಶಬ್ದ ಓದಿ ನನಗೆ ಖುಷಿಯಾಯಿತು. ‘ಫೇಕ್’ ಎಂಬ ಧಾತು ಹಿಂದಿ-ಮರಾಠಿಯದು. ಅದಕ್ಕೆ ‘-ಇದೆ’ ಎಂಬ ಬಾಲ ಹಚ್ಚಿದ್ದು ಅಪ್ಪಟ ಕನ್ನಡ. ಭೂತಕಾಲ ಸರಿ, ‘ನಾನು’ ಎಂಬುದಕ್ಕೆ ಹೊಂದುವ ಪ್ರತ್ಯಯ ಸರಿ, ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಇಟ್ಟಿದ್ದು ಸರಿ. ಬಹುಶಃ ‘ಬೀಳಿದೆ’, ‘ಕೊಡಿದೆ’ ಎಂದೂ ಹೇಳುತ್ತಿರಬಹುದು. ‘ಬಿದ್ದೆ’, ‘ಕೊಟ್ಟೆ’ ಎಂಬ ರೂಪಗಳು ನಿಯಮ ಮೀರಿದವು. ಮಗು ನಿಯಮವನ್ನು ಹಿಡಿದುಕೊಂಡಿದೆ, ಅಪವಾದವನ್ನು ಇನ್ನೂ ಹಿಡಿಯಬೇಕು. ಗೊಂದಲವಾದ ಮಗು ಹೀಗೆ ಮಾತಾಡುವುದಿಲ್ಲ. ಅವಳ ಮಾತಿನ ಚೌಕಟ್ಟು ಕನ್ನಡದ್ದೇ, ‘ಎಸೆ’ ಎಂಬ ಶಬ್ದ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಚೆಂಡಾಟ ನಡೆಯುವುದು ಬಿಲ್ಡಿಂಗಿನ ಕೆಳಗೆ, ಮರಾಠಿ-ಹಿಂದಿ ಮಾತಾಡುವ ಮಕ್ಕಳ ಜೊತೆ, ಹಾಗಾಗಿ ಅಲ್ಲಿಯ ಶಬ್ದ ಮೊದಲು ನುಗ್ಗಿತು. ತಿದ್ದಬೇಕಾದರೆ ‘ಹಾಗನ್ನಬಾರದು’ ಎನ್ನಬೇಡಿ. ‘ಹೌದಾ, ಎಷ್ಟು ದೂರ ಎಸೆದೆ?’ ಎಂದು ಮಾತು ಮುಂದುವರಿಸಿ. ಶಬ್ದ ಅವಳ ಕಿವಿಗೆ ಬಿತ್ತು, ಮಾತು ನಿಲ್ಲಲಿಲ್ಲ.

ಟೀಚರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಎರಡು ಮೂರು ಭಾಷೆ ಕೇಳಿ ಬೆಳೆಯುವ ಮಗುವಿನ ಶಬ್ದಭಂಡಾರವನ್ನು ಒಂದೇ ಭಾಷೆಯಲ್ಲಿ ಅಳೆದರೆ ಅದು ಸಾಮಾನ್ಯವಾಗಿ ಚಿಕ್ಕದಾಗಿ ಕಾಣುತ್ತದೆ. 1993ರಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇಂಗ್ಲಿಷ್-ಸ್ಪ್ಯಾನಿಷ್ ಎರಡನ್ನೂ ಕೇಳಿ ಬೆಳೆಯುತ್ತಿದ್ದ ಕೂಸುಗಳ ಶಬ್ದಗಳನ್ನು ಎರಡೂ ಭಾಷೆ ಸೇರಿಸಿ ಎಣಿಸಿದರು. ಒಂದೇ ಭಾಷೆಯ ಮಕ್ಕಳಿಗಿಂತ ಅವರು ಹಿಂದೆ ಬಿದ್ದಿರಲಿಲ್ಲ. ನರ್ಸರಿಯಲ್ಲಿ ಟೀಚರ್‌ಗೆ ಕಾಣುವುದು ಅವಳ ಇಂಗ್ಲಿಷ್ ಮಾತ್ರ. ಅವಳ ಒಟ್ಟು ಆಸ್ತಿ ಎಷ್ಟು ಎಂಬುದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ನಿಮ್ಮ ಮನೆಯ ಆಸ್ತಿಯಂತೂ ಸಾಮಾನ್ಯದ್ದಲ್ಲ. ನಿಮ್ಮ ಬಾಯಲ್ಲಿ ಈರುಳ್ಳಿ, ಅತ್ತೆಯವರ ಬಾಯಲ್ಲಿ ಉಳ್ಳಾಗಡ್ಡಿ, ತರಕಾರಿ ಮಾರುವವರ ಬಾಯಲ್ಲಿ ಕಾಂದಾ, ನರ್ಸರಿಯ ಚಾರ್ಟಿನಲ್ಲಿ ಆನಿಯನ್. ಇದು ಮಗುವಿಗೆ ಹೊರೆ ಎಂದುಕೊಂಡಿದ್ದೀರಾ? ಒಂದೇ ಭಾಷೆ ಕೇಳುವ ಮಕ್ಕಳು ಒಂದು ವಸ್ತುವಿಗೆ ಒಂದೇ ಹೆಸರು ಎಂದು ನಂಬಿ ಮುಂದುವರಿಯುತ್ತಾರೆ. ಕ್ರಿಸ್ಟಾ ಬೈಯರ್ಸ್-ಹೈನ್ಲೈನ್ ಮತ್ತು ಜಾನೆಟ್ ವರ್ಕರ್ 2009ರಲ್ಲಿ ಒಂದೂವರೆ ವರ್ಷದ ಕೂಸುಗಳನ್ನು ಪರೀಕ್ಷಿಸಿದಾಗ, ಎರಡು ಭಾಷೆಯ ಮನೆಗಳ ಕೂಸುಗಳಲ್ಲಿ ಈ ನಂಬಿಕೆ ಸಡಿಲವಾಗಿತ್ತು, ಮೂರು ಭಾಷೆಯ ಮನೆಗಳವರಲ್ಲಿ ಕಾಣಲೇ ಇಲ್ಲ. ಬೇರೆ ಬೇರೆಯವರು ಬೇರೆ ಬೇರೆ ಹೆಸರಿಂದ ಕರೆಯುತ್ತಾರೆ ಎಂಬುದು ಅವರಿಗೆ ಮಾತು ಬರುವ ಮೊದಲೇ ಗೊತ್ತು. ಯಾರ ಜೊತೆ ಯಾವ ಹೆಸರು ಎಂಬುದನ್ನೂ ಅವರೇ ಕಲಿಯುತ್ತಾರೆ. ಅತ್ತೆಯವರಿಗೆ ‘ಈರುಳ್ಳಿ ಅನ್ನಿ, ಇಲ್ಲಾಂದ್ರೆ ಅವಳಿಗೆ ಗೊಂದಲ’ ಎಂದು ಹೇಳುವ ಸೊಸೆಯಂದಿರನ್ನು ನಾನು ಕಂಡಿದ್ದೇನೆ. ನೀವು ಹೇಳಬೇಡಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆಗಳಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕು ಎನ್ನುತ್ತದೆ. ಡೊಂಬಿವಲಿಯಲ್ಲಿ ಕೂತು ಅದನ್ನು ಪೂರ್ತಿ ಪಾಲಿಸುವುದು ಕಷ್ಟ, ಒಪ್ಪುತ್ತೇನೆ. ಅದಕ್ಕಾಗಿಯೇ ಮನೆಯೊಳಗಿನ ಕನ್ನಡವನ್ನು ಬಿಟ್ಟುಕೊಡಬೇಡಿ ಎನ್ನುತ್ತಿದ್ದೇನೆ. ಇಂಗ್ಲಿಷ್ ಈ ಊರಿನಲ್ಲಿ ಹೇಗೂ ಬರುತ್ತದೆ, ಮರಾಠಿ ಹಿಂದಿ ಮೆಟ್ಟಿಲಿಳಿದರೆ ಸಿಗುತ್ತವೆ. ಲೋಕಲ್ ಗಾಡಿಯಲ್ಲಿ ಕೂತರೆ ಪ್ರತಿ ಸ್ಟೇಷನ್ನನ್ನೂ ಮೂರು ಭಾಷೆಯಲ್ಲಿ ಹೇಳುತ್ತಾರೆ. ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ ದಾಟುವಷ್ಟರಲ್ಲಿ ಒಂದು ಪಾಠವೇ ಆಗಿರುತ್ತದೆ, ಫೀಸಿಲ್ಲದೆ. ಅಲ್ಲಿ ಇಲ್ಲದಿರುವುದು ಕನ್ನಡ ಒಂದೇ.

ಆದರೆ ಯಾವ ಕನ್ನಡ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮುಂಬೈ, ಪುಣೆಯ ಮನೆಗಳಲ್ಲಿ ನಾನು ಕಾಣುವ ನಿಜವಾದ ಸವಕಳಿ ಇಲ್ಲಿದೆ. ಹೊರನಾಡಿನಲ್ಲಿ ನಮ್ಮ ಕನ್ನಡದಿಂದ ಹೆಸರುಗಳು ಅಷ್ಟು ಬೇಗ ಹೋಗುವುದಿಲ್ಲ. ಅಕ್ಕಿ, ನೀರು, ಹೂವು, ಬಾಗಿಲು ಎಲ್ಲ ಉಳಿಯುತ್ತವೆ. ಮೊದಲು ಹೋಗುವುದು ಕ್ರಿಯಾಪದ. ಕಟ್ ಮಾಡು, ವಾಶ್ ಮಾಡು, ಓಪನ್ ಮಾಡು, ಮಿಕ್ಸ್ ಮಾಡು, ಫೋಲ್ಡ್ ಮಾಡು. ಎಲ್ಲ ಕೆಲಸವನ್ನೂ ‘ಮಾಡು’ ಒಂದೇ ಹೊತ್ತುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಒಂದು ಸಂಜೆ ಕಿವಿಗೊಟ್ಟು ನೋಡಿ.

ಈಗ ಅಡುಗೆಮನೆಗೆ ಬನ್ನಿ. ತರಕಾರಿಯನ್ನು ಹೆಚ್ಚುತ್ತೇವೆ, ಬಟಾಣಿಯನ್ನು ಬಿಡಿಸುತ್ತೇವೆ, ಬಾಳೆಹಣ್ಣನ್ನು ಸುಲಿಯುತ್ತೇವೆ. ಕಾಯಿ ಒಡೆದು, ತುರಿದು, ರುಬ್ಬುತ್ತೇವೆ. ಅಕ್ಕಿ ಆರಿಸುತ್ತೇವೆ, ಮೆಣಸು ಕುಟ್ಟುತ್ತೇವೆ, ಶೇಂಗಾ ಹುರಿಯುತ್ತೇವೆ, ಹಪ್ಪಳ ಕರಿಯುತ್ತೇವೆ, ಬದನೆಕಾಯಿ ಸುಡುತ್ತೇವೆ. ಟೀ ಸೋಸುವುದು ಒಂದು, ಸೊಪ್ಪು ಸೋಸುವುದು ಇನ್ನೊಂದು. ಹಿಟ್ಟು ನಾದಿದ ಮೇಲೆ ಚಪಾತಿಯಾದರೆ ಲಟ್ಟಿಸುತ್ತೇವೆ, ಜೋಳದ ರೊಟ್ಟಿಯಾದರೆ ನಿಮ್ಮತ್ತೆ ಬಡಿಯುತ್ತಾರೆ. ದೋಸೆ ಹುಯ್ದು ಮಗುಚುತ್ತೇವೆ. ಪಾತ್ರೆ ತಿಕ್ಕುತ್ತೇವೆ, ಕೈ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ಜಾಲಾಡುತ್ತೇವೆ, ಹಿಂಡುತ್ತೇವೆ, ಕೊಡವಿ ಒಣಹಾಕುತ್ತೇವೆ, ಮಡಚಿಡುತ್ತೇವೆ. ಇಂಗ್ಲಿಷಿನ ‘ವಾಶ್’ ಒಂದರ ಜಾಗದಲ್ಲಿ ಇಲ್ಲಿ ಎಷ್ಟು ಬೇರೆ ಬೇರೆ ಕೈಚಲನೆಗಳಿವೆ ನೋಡಿ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ತಲೆ ಬಾಚಿ ಜಡೆ ಹೆಣೆಯುತ್ತೇವೆ.

ಶಬ್ದದ ಹುಚ್ಚಿರುವ ಮಗುವಿಗೆ ಇದಕ್ಕಿಂತ ದೊಡ್ಡ ಅಂಗಡಿ ಬೇಕೆ? ಕ್ರಿಯಾಪದ ಕಲಿಯುವುದು ಹೆಸರು ಕಲಿಯುವುದಕ್ಕಿಂತ ಕಷ್ಟ. ಬಟ್ಟಲನ್ನು ತೋರಿಸಿ ‘ಬಟ್ಟಲು’ ಎನ್ನಬಹುದು. ‘ಮಗುಚು’ ಎಂಬುದನ್ನು ತೋರಿಸುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಹಾಗಾಗಿ ಅದನ್ನು ಮತ್ತೆ ಮತ್ತೆ, ಕೆಲಸ ನಡೆಯುವಾಗಲೇ ಕೇಳಬೇಕು, ಸಾಧ್ಯವಾದರೆ ತಾನೇ ಮಾಡಬೇಕು. ಬಟಾಣಿ ಬಿಡಿಸಲು, ಕರವಸ್ತ್ರ ಹಿಂಡಲು, ಟವೆಲ್ ಮಡಚಲು ನಾಲ್ಕು ವರ್ಷದವಳಿಗೆ ಬರುತ್ತದೆ. ‘ಹಿಂಡು, ಇನ್ನೂ ಗಟ್ಟಿ ಹಿಂಡು, ಈಗ ಕೊಡವು’ ಎಂದರೆ ನೀರು ನಿಮ್ಮ ಮುಖಕ್ಕೇ ಹಾರುತ್ತದೆ, ಶಬ್ದ ಅವಳಲ್ಲಿ ಉಳಿಯುತ್ತದೆ. ಫ್ಲ್ಯಾಶ್‌ಕಾರ್ಡಿನ ಮೇಲೆ ನನಗಿರುವ ದೊಡ್ಡ ದೂರೂ ಇದೇ. ಅದರಲ್ಲಿರುವುದು ಬಹುತೇಕ ಹೆಸರುಗಳು: ಆನೆ, ಆಟೊ, ಸೇಬು. ಅವು ಅವಳಿಗೆ ಆಗಲೇ ಗೊತ್ತು. ಕೊಂಡಿದ್ದರೆ ಬಿಸಾಡಬೇಕಿಲ್ಲ, ಅಂಗಡಿ ಆಟಕ್ಕೆ ನೋಟಿನ ಹಾಗೆ ಬಳಸಲಿ.

ಭಾವನೆಯ ಶಬ್ದಗಳೂ ಹೀಗೇ. ಎಲ್ಲ ಮುನಿಸೂ ‘ಆ್ಯಂಗ್ರಿ’ ಆಗಬೇಕಾಗಿಲ್ಲ. ಸಿಟ್ಟು ಬೇರೆ, ಮುನಿಸು ಬೇರೆ, ಬೇಜಾರು ಬೇರೆ, ಹೊಟ್ಟೆಕಿಚ್ಚು ಬೇರೆ. ಲಿಫ್ಟಿನಲ್ಲಿ ಅಪರಿಚಿತರು ಮಾತಾಡಿಸಿದಾಗ ನಿಮ್ಮ ಹಿಂದೆ ಅವಿತುಕೊಳ್ಳುತ್ತಾಳಲ್ಲ, ಅದು ಸಂಕೋಚ. ‘ಸಂಕೋಚ ಆಯ್ತಾ?’ ಎಂದು ಮನೆಗೆ ಬಂದ ಮೇಲೆ ಕೇಳಿ, ಅವರೆದುರಿಗೆ ಬೇಡ.

ಕೆಲಸದಿಂದ ದಣಿದು ಬಂದ ನಿಮಗೆ ಇಷ್ಟೆಲ್ಲ ಹೇಳುತ್ತಿದ್ದೇನೆ ಎಂಬ ಅರಿವಿದೆ. ಮಗುವಿನ ಕಿವಿಗೆ ಎಷ್ಟು ಮಾತು ಬಿತ್ತು ಎಂಬ ಲೆಕ್ಕ ಒಂದು ಕಾಲದಲ್ಲಿ ಬಹಳ ಸುದ್ದಿ ಮಾಡಿತು. 1995ರಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ 42 ಕುಟುಂಬಗಳನ್ನು ಗಮನಿಸಿ, ಬಡವರ ಮತ್ತು ಅನುಕೂಲಸ್ಥರ ಮನೆಯ ಮಕ್ಕಳು ಕೇಳುವ ಶಬ್ದಗಳಲ್ಲಿ ನಾಲ್ಕು ವರ್ಷ ತುಂಬುವಷ್ಟರಲ್ಲಿ ಮೂರು ಕೋಟಿಯ ಅಂತರ ಬೀಳುತ್ತದೆ ಎಂದು ಅಂದಾಜಿಸಿದರು. ಆ ಅಂದಾಜಿನ ಬಗ್ಗೆ ಆಮೇಲೆ ಸಾಕಷ್ಟು ತಕರಾರು ಎದ್ದವು, ನನಗೂ ಅದು ಒಪ್ಪಿಗೆಯಿಲ್ಲ. ಅದನ್ನು ಓದಿದ ತಾಯಂದಿರು ಕ್ರಿಕೆಟ್ ಕಾಮೆಂಟರಿಯ ಹಾಗೆ ಬಿಡುವಿಲ್ಲದೆ ಮಾತಾಡಲು ಶುರುಮಾಡಿದ್ದು ಇನ್ನೊಂದು ಅವಾಂತರ. 2018ರಲ್ಲಿ ರೇಚಲ್ ರೋಮಿಯೊ ಮತ್ತು ಸಂಗಡಿಗರು 4ರಿಂದ 6 ವರ್ಷದ ಮಕ್ಕಳ ಮನೆಮಾತನ್ನು ರೆಕಾರ್ಡ್ ಮಾಡಿದರು, ಕಥೆ ಕೇಳುವಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. ದೊಡ್ಡವರು ಒಟ್ಟು ಎಷ್ಟು ಮಾತಾಡಿದರು ಎಂಬುದಕ್ಕಿಂತ, ಮಗು ಒಂದು ಮಾತು, ದೊಡ್ಡವರು ಒಂದು ಮಾತು, ಮತ್ತೆ ಮಗು ಒಂದು ಮಾತು ಹೀಗೆ ಎಷ್ಟು ಸಲ ಅತ್ತಿತ್ತ ಹೋಯಿತು ಎಂಬುದಕ್ಕೂ ಮೆದುಳಿನ ಭಾಷಾಭಾಗದ ಚಟುವಟಿಕೆಗೂ ಹೆಚ್ಚು ನಂಟು ಕಂಡಿತು. ಮನೆಯವರ ಆದಾಯ, ಓದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ.

ಹಾಗಾಗಿ ಏಳೂವರೆಗೆ ಬಂದವರು ಎಂಟೂವರೆವರೆಗೆ ಪಾಠ ಹೇಳುವ ಅಗತ್ಯವಿಲ್ಲ. ಕೈಕಾಲು ತೊಳೆದು, ಟೀ ಕುಡಿಯುತ್ತ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಇಪ್ಪತ್ತು ನಿಮಿಷ ಅವಳ ಮಾತಿಗೆ ಮಾತು ಸೇರಿಸಿದರೆ ಸಾಕು. ‘ಇದೇನು? ಇದರ ಬಣ್ಣ ಯಾವುದು? ಅದನ್ನ ಇಂಗ್ಲಿಷಲ್ಲಿ ಏನಂತಾರೆ?’ ಎಂಬ ಪರೀಕ್ಷೆಯ ಪ್ರಶ್ನೆಗಳನ್ನು ಬಿಟ್ಟುಬಿಡಿ. ಉತ್ತರ ನಿಮಗೆ ಗೊತ್ತಿರುವ ಪ್ರಶ್ನೆಯನ್ನು ನೀವು ಕೇಳುತ್ತಿದ್ದೀರಿ ಎಂಬುದು ಅವಳಿಗೂ ಗೊತ್ತು. ನೆಂಟರು ಬಂದಾಗ ‘ಅನಿವಾರ್ಯ ಹೇಳು ಪುಟ್ಟಿ’ ಎಂದು ಆಡಿಸುವುದನ್ನೂ ನಿಲ್ಲಿಸಿ. ಎಷ್ಟೋ ಮಕ್ಕಳು ಶಬ್ದದ ಸಹವಾಸ ಬಿಡುವುದು ಅಲ್ಲೇ, ಸೋಫಾದ ಮುಂದೆ ನಿಂತು.

ಶಬ್ದ ಅವಳಿಗೆ ಸದ್ದಾಗಿಯೂ ಇಷ್ಟವಾಗಿರಬೇಕು, ಜಪಿಸುತ್ತಾಳೆ ಎಂದಿರಲ್ಲ. ಅದಕ್ಕೆ ಕನ್ನಡದಲ್ಲಿ ಕೊರತೆಯಿಲ್ಲ. ಮಳೆ ಚಟಪಟ, ಗುಡುಗು ಗಡಗಡ, ನೀರು ಗಟಗಟ, ಚಳಿಗೆ ಗಡಗಡ ಬೇರೆಯೇ ಬಗೆಯದು. ಪಾತ್ರೆ ತಳತಳ, ಕಣ್ಣು ಪಿಳಿಪಿಳಿ, ಇರುವೆ ಗುಳುಗುಳು. ಇನ್ನು ಚಹಾ-ಗಿಹಾ ಆಟ. ನಾವು ಕನ್ನಡದಲ್ಲಿ ಚಹಾ-ಗಿಹಾ ಎಂದರೆ ಪಕ್ಕದ ಮನೆಯ ಮರಾಠಿ ಕಾಕೂ ಚಹಾ-ಬಿಹಾ ಎನ್ನುತ್ತಾರೆ, ಹಿಂದಿಯವರು ಚಾಯ್-ವಾಯ್. ನಾಲ್ಕು ವರ್ಷದ ಮಗುವಿಗೆ ಈ ಗುಟ್ಟು ಒಮ್ಮೆ ಹೊಳೆದರೆ ಮನೆಯ ಎಲ್ಲ ವಸ್ತುಗಳಿಗೂ ಬಾಲ ಹಚ್ಚದೆ ಬಿಡುವುದಿಲ್ಲ. ‘ಏಳು ಗಂಟೆಗೆ ಏಳು’, ‘ಹತ್ತು ಮೆಟ್ಟಿಲು ಹತ್ತು’ ಎಂಬ ಚಮತ್ಕಾರ ಪೂರ್ತಿ ಅರ್ಥವಾಗಲು ಇನ್ನೊಂದೆರಡು ವರ್ಷ ಬೇಕಾದೀತು, ಆದರೂ ಹೇಳಿ ನೋಡಿ. ಮರಾಠಿಯ ನಾಕ ಎಂದರೆ ಮೂಗು, ನಮ್ಮ ಬಾಯಿಮಾತಿನ ನಾಕು ಎಂದರೆ ನಾಲ್ಕು. ‘ನಾಕು ನಾಕ’ ಎಂದು ಯಾವ ಮಗು ನಗುವುದಿಲ್ಲ? ಶಬ್ದವನ್ನು ಅದರ ಅರ್ಥದಿಂದ ಬಿಡಿಸಿ ಬರೀ ಸದ್ದಾಗಿ ಕೇಳಿಸಿಕೊಳ್ಳುವ ಈ ಅಭ್ಯಾಸ ಮುಂದೆ ಓದು ಕಲಿಯುವಾಗ ನೇರವಾಗಿ ಸಹಾಯಕ್ಕೆ ಬರುತ್ತದೆ. ಅಕ್ಷರಕ್ಕೆ ಈಗಲೇ ಆತುರ ಬೇಡ.

ಪುಸ್ತಕದ ಬಗ್ಗೆ ಒಂದು ಮಾತು. ಒಂದೇ ಕಥೆಯನ್ನು ಮತ್ತೆ ಮತ್ತೆ ಓದು ಎಂದು ಪೀಡಿಸಿದರೆ ಓದಿ. ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆಗಳ ಮೂಲಕ ಹೊಸ ಶಬ್ದ ಕೇಳಿಸಿದರು. ಶಬ್ದ ಅಷ್ಟೇ ಸಲ ಕಿವಿಗೆ ಬಿದ್ದರೂ, ಅದೇ ಕಥೆಗಳನ್ನು ಮರಳಿ ಮರಳಿ ಕೇಳಿದವರು ಬೇರೆ ಬೇರೆ ಕಥೆ ಕೇಳಿದವರಿಗಿಂತ ಚೆನ್ನಾಗಿ ಕಲಿತರು. ಕಥೆ ಗೊತ್ತಿದ್ದಾಗ ಗಮನ ಶಬ್ದದ ಕಡೆಗೆ ಹೋಗುತ್ತದೆ ಎಂಬುದು ನನ್ನ ಊಹೆ. ಕನ್ನಡದ ಚಿತ್ರಪುಸ್ತಕ ಇಲ್ಲಿ ಸಿಗುವುದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿವೆ, ಮುದ್ರಿಸಿಕೊಳ್ಳಲೂಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ಪುಸ್ತಕಗಳು ಅಗ್ಗ. ನಿಮ್ಮ ಡೊಂಬಿವಲಿಯಲ್ಲೇ ಕರ್ನಾಟಕ ಸಂಘವಿದೆ, ಮಾಟುಂಗದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ. ಅಲ್ಲಿಯ ಕಾರ್ಯಕ್ರಮಗಳಿಗೆ ಮಗುವನ್ನು ಕರೆದುಕೊಂಡು ಹೋಗಿ. ಭಾಷಣ ಅವಳಿಗೆ ಬೇಡ, ಊಟದ ಪಂಕ್ತಿಯಲ್ಲಿ ಬೇರೆ ಬೇರೆ ಜಿಲ್ಲೆಯ ಕನ್ನಡ ಕಿವಿಗೆ ಬೀಳಲಿ.

ಆ್ಯಪ್ ಬೇಕೇ ಎಂದರೆ, ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಆ ಒಂದು ಗಂಟೆಯನ್ನು ಕಾರ್ಟೂನಿಗೇ ಕೊಡಿ, ಕಲಿಕೆಯ ಹೆಸರಲ್ಲಿ ಹಾಳುಮಾಡಬೇಡಿ. ವೊಕ್ಯಾಬ್ಯುಲರಿ ಕ್ಲಾಸಿನ ದುಡ್ಡು ಉಳಿಸಿ.

ಬೈಗುಳದ್ದು ಸುಲಭ. ನಗಬೇಡಿ, ಬೆಚ್ಚಿಬೀಳಬೇಡಿ. ‘ಅದು ಬೇರೆಯವರಿಗೆ ನೋವು ಕೊಡುವ ಮಾತು, ನಮ್ಮನೇಲಿ ಆಡಲ್ಲ’ ಎಂದು ಸಪ್ಪೆ ದನಿಯಲ್ಲಿ ಹೇಳಿ ವಿಷಯ ಬದಲಿಸಿ. ಸದ್ದು ಮಾಡದ ಶಬ್ದ ತಾನಾಗಿ ಬಿದ್ದುಹೋಗುತ್ತದೆ.

ತಡವರಿಕೆಗೆ ಹೆಚ್ಚು ಗಮನ ಬೇಕು, ಗಾಬರಿ ಬೇಡ. ಎರಡೂವರೆಯಿಂದ ಐದು ವರ್ಷದ ನಡುವೆ, ಹೇಳಬೇಕಾದ್ದು ಹೆಚ್ಚಾಗಿ ನಾಲಿಗೆ ಹಿಂದೆ ಬಿದ್ದಾಗ, ‘ನಾ ನಾ ನಾನು’ ಬಹಳ ಮಕ್ಕಳಲ್ಲಿ ಕಾಣುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ‘ನಿಧಾನ ಹೇಳು’, ‘ಉಸಿರು ತಗೊಂಡು ಹೇಳು’ ಎನ್ನಬೇಡಿ, ಅವಳ ಶಬ್ದವನ್ನು ನೀವು ಮುಗಿಸಲೂಬೇಡಿ. ನಿಮ್ಮ ಮಾತನ್ನೇ ಸ್ವಲ್ಪ ನಿಧಾನ ಮಾಡಿ, ಅಷ್ಟೆ. ಆರು ತಿಂಗಳು ಕಳೆದರೂ ಇದ್ದರೆ, ಮುಖ-ಕುತ್ತಿಗೆ ಬಿಗಿಯುತ್ತಿದ್ದರೆ, ದನಿ ಹೊರಡದೆ ಸಿಕ್ಕಿಕೊಳ್ಳುತ್ತಿದ್ದರೆ, ಮಾತಾಡುವುದನ್ನೇ ತಪ್ಪಿಸತೊಡಗಿದರೆ, ಅಥವಾ ಎರಡೂ ಕಡೆಯ ಮನೆತನದಲ್ಲಿ ಯಾರಿಗಾದರೂ ದೊಡ್ಡವರಾದ ಮೇಲೂ ಉಗ್ಗು ಇದ್ದರೆ ಕಾಯಬೇಡಿ. ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಿಂದ ಇರುವ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಮಾತು, ಶ್ರವಣ ಎರಡರ ಪರೀಕ್ಷೆಯೂ ಆಗುತ್ತದೆ. ಮಳೆಗಾಲದಲ್ಲಿ ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳ ಕಿವಿಯ ಒಳಗೆ ನೀರು ನಿಂತು ಕೆಲವು ವಾರ ಕೇಳಿಸುವುದು ಮಂದವಾಗುವುದುಂಟು. ‘ಅಂದ್ರೇನಮ್ಮಾ’ ಬದಲು ‘ಹಾಂ? ಏನಂದೆ?’ ಹೆಚ್ಚಾದರೆ ಕಿವಿ ತೋರಿಸಿ.

ಇನ್ನೊಂದು ಸಂಗತಿ, ನಿಮ್ಮ ಮಗಳಿಗೆ ಸಂಬಂಧಿಸಿದ್ದಲ್ಲ, ಇದನ್ನು ಓದುವ ಬೇರೆ ತಂದೆತಾಯಿಗಳಿಗೆ. ಕೆಲವು ಮಕ್ಕಳು ಊರುಗಳ, ಕಾರುಗಳ, ಗ್ರಹಗಳ ಹೆಸರನ್ನು ಉದ್ದಕ್ಕೆ ಒಪ್ಪಿಸುತ್ತಾರೆ, ಆದರೆ ‘ನೀರು ಬೇಕು’ ಎಂದು ಕೇಳುವುದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ತಾವು ಕಂಡದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಅದು ಜಾಣತನದ ಲಕ್ಷಣವೆಂದು ಮನೆಯವರು ಹೆಮ್ಮೆಪಡುತ್ತಿರುತ್ತಾರೆ. ಅಂಥ ಮಕ್ಕಳನ್ನು ಬೆಳವಣಿಗೆ ತಜ್ಞರ ಬಳಿ ಒಮ್ಮೆ ಕರೆದುಕೊಂಡು ಹೋಗಬೇಕು. ನಿಮ್ಮವಳು ಶಬ್ದ ಸಿಕ್ಕ ಕೂಡಲೇ ಅದನ್ನು ಹಾಲು ತಪ್ಪಿಸಿಕೊಳ್ಳಲು ಬಳಸುತ್ತಾಳೆ. ಅವಳ ಬಗ್ಗೆ ಆ ಚಿಂತೆ ನನಗಿಲ್ಲ.

ಕೊನೆಗೆ ಅತ್ತೆಯವರ ವಿಷಯ. ಅವರು ಇರುವಷ್ಟು ದಿನ ಅಡುಗೆಮನೆಯನ್ನು ಅವರಿಗೂ ಮೊಮ್ಮಗಳಿಗೂ ಬಿಟ್ಟುಕೊಡಿ. ಹೋದ ಮೇಲೆ ವಿಡಿಯೊ ಕರೆ ಇದೆಯಲ್ಲ. ಸ್ಕ್ರೀನ್ ಬೇಡವೆಂದು ಈಗಷ್ಟೇ ಹೇಳಿದವರು ಇದೇನು ಎನ್ನಬಹುದು. ಕರೆಯ ಆಚೆ ಇರುವವರು ಮಗುವಿನ ಮಾತಿಗೇ ಉತ್ತರಿಸುತ್ತಿರುವುದರಿಂದ ಇದು ಬೇರೆ ಲೆಕ್ಕ. ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಶ್-ಪಾಸೆಕ್, ರಾಬರ್ಟಾ ಗೋಲಿನ್ಕಾಫ್ 2014ರಲ್ಲಿ ಎರಡು-ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಿ ನೋಡಿದರು. ಎದುರಿಗೆ ಕೂತವರಿಂದಲೂ ವಿಡಿಯೊ ಕರೆಯಿಂದಲೂ ಮಕ್ಕಳು ಕಲಿತರು, ಮೊದಲೇ ರೆಕಾರ್ಡ್ ಮಾಡಿದ ವಿಡಿಯೊದಿಂದ ಕಲಿಯಲಿಲ್ಲ. ‘ಹೇಗಿದ್ದೀ, ಊಟ ಆಯ್ತಾ, ಅಜ್ಜಿಗೆ ಟಾಟಾ ಮಾಡು’ ಎಂಬ ಕರೆ ಎರಡು ನಿಮಿಷಕ್ಕೆ ಸಾಯುತ್ತದೆ. ಅದರ ಬದಲು ಅತ್ತೆ ರೊಟ್ಟಿ ಬಡಿಯುವ ಹೊತ್ತಿಗೆ ಫೋನನ್ನು ಡಬ್ಬಿಗೆ ಒರಗಿಸಿಡಲಿ, ಇಲ್ಲಿ ಇವಳಿಗೂ ಒಂದು ಉಂಡೆ ಹಿಟ್ಟು ಕೊಡಿ. ಅವರು ಏನು ಮಾಡುತ್ತಿದ್ದಾರೋ ಅದನ್ನೇ ಹೇಳುತ್ತ ಹೋಗಲಿ, ಇವಳು ಕೇಳಿದ್ದಕ್ಕೆ ಉತ್ತರಿಸಲಿ. ನಿಮ್ಮ ಏಳೂವರೆಗೂ ಗದಗಿನ ರೊಟ್ಟಿಯ ಹೊತ್ತಿಗೂ ತಾಳೆಯಾಗದಿದ್ದರೆ ಭಾನುವಾರ ಸಾಕು. ನಡುವೆ ಇವಳು ಎದ್ದು ಆಡಲು ಹೋದರೆ ಬೇಜಾರು ಮಾಡಿಕೊಳ್ಳಬಾರದೆಂದು ಅತ್ತೆಗೆ ಮೊದಲೇ ಹೇಳಿಡಿ, ಮತ್ತೆ ಕರೆದು ಕೂರಿಸಬೇಡಿ.